ಗೋಡೆ ಹೆರಿಗೆ ಮಾಡಿಸುವುದಿಲ್ಲ

ಕಾಡಂಚಿನ ಯಾವುದೋ ಹಾಡಿಯಲ್ಲೋ ತಾಂಡಾದಲ್ಲೋ ಒಬ್ಬಳು ಮನೆಯಲ್ಲೇ ಹೆತ್ತಳು ಎಂಬ ಸುದ್ದಿ ಬಂದರೆ ಸಾಕು, ‘ಈ ಕಾಲದಲ್ಲೂ ಮನೆ ಹೆರಿಗೆಯೇ?’ ಎಂಬ ಉದ್ಗಾರ ಏಳುತ್ತದೆ. ಓದುವವರಿಗೆ ಅದು ಹಿಂದುಳಿದಿರುವಿಕೆಯ ಗುರುತು, ಇಲಾಖೆಗೆ ಅದು ಲೋಪ, ಆ ಊರಿನ ಆಶಾ ಕಾರ್ಯಕರ್ತೆಗೆ ಅದು ಬೈಗುಳ. ಪ್ರಗತಿ ಪರಿಶೀಲನೆಯ ಪಟ್ಟಿಯಲ್ಲಿ ಮನೆ ಹೆರಿಗೆ ಎಂಬ ಕಲಮಿನ ಎದುರು ಸೊನ್ನೆ ಇರಬೇಕು. ಒಂದು ಎಂದು ಬಂದರೆ ಆ ಒಂದಕ್ಕೆ ಯಾರು ಹೊಣೆ ಎಂಬ ವಿಚಾರಣೆ ಶುರುವಾಗುತ್ತದೆ. ಹೆತ್ತವಳು ಹೇಗಿದ್ದಾಳೆ, ಬೇನೆ ತಿನ್ನುವಾಗ ಪಕ್ಕದಲ್ಲಿ ಯಾರಿದ್ದರು, ಕಸ ಪೂರ್ತಿ ಬಿತ್ತೇ, ರಕ್ತ ಎಷ್ಟು ಹೋಯಿತು ಎಂಬುದನ್ನೆಲ್ಲ ಆಮೇಲೆ ಕೇಳಿದರೆ ಕೇಳಿದರು, ಇಲ್ಲವಾದರೆ ಇಲ್ಲ. ಹೆರಿಗೆ ಎಲ್ಲಿ ಆಯಿತು ಎಂಬುದೇ ಅದರ ಸುರಕ್ಷತೆಯ ಅಳತೆಗೋಲು ಎಂದು ಕಳೆದ ಇಪ್ಪತ್ತು ವರ್ಷಗಳಲ್ಲಿ ನಾವು ನಂಬಿಬಿಟ್ಟಿದ್ದೇವೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಹೆರಿಗೆಯನ್ನು ಕಾಪಾಡುವುದು ಕಟ್ಟಡವಲ್ಲ, ಪಳಗಿದ ಕೈ. ಆ ಕೈಗೆ ಮೀರಿದ್ದು ಎದುರಾದಾಗ ತಡವಿಲ್ಲದೆ ಸಾಗಿಸುವ ದಾರಿ. ಇವೆರಡನ್ನು ಬಿಟ್ಟು ನಾವು ಗೋಡೆಗಳನ್ನು ಎಣಿಸುತ್ತ ಕೂತೆವು. ಎಣಿಕೆಯ ಭರದಲ್ಲಿ ಸೂಲಗಿತ್ತಿಯನ್ನು ಓಡಿಸಿದೆವು, ಅವಳ ಜಾಗಕ್ಕೆ ಬರಬೇಕಿದ್ದ ಸರ್ಕಾರಿ ಸೂಲಗಿತ್ತಿಯನ್ನು ಗುಮಾಸ್ತೆ ಮಾಡಿದೆವು, ಮನೆಯಲ್ಲೇ ಹೆರುವೆನೆಂದು ಉಳಿದ ಹೆಂಗಸನ್ನು ಒಂಟಿಯಾಗಿಸಿದೆವು.

ಎದುರಾಳಿಯ ವಾದಕ್ಕೆ ಇರುವ ಬಲವನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 65ರ ಆಸುಪಾಸಿನಲ್ಲಿತ್ತು. 2019-21ರ ಸಮೀಕ್ಷೆಯ ಹೊತ್ತಿಗೆ 97ಕ್ಕೆ ಏರಿತು. ದೇಶದ ಮಟ್ಟದಲ್ಲಿ ಅದು 39ರಿಂದ 89ರ ಹತ್ತಿರಕ್ಕೆ ಬಂತು. ಇದೇ ಅವಧಿಯ ಆಚೀಚೆ ರಾಜ್ಯದ ತಾಯಂದಿರ ಮರಣ ಪ್ರಮಾಣವೂ ಇಳಿಯಿತು: 2001-03ರಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಇದ್ದದ್ದು 2018-20ರಲ್ಲಿ 69. ಜನನಿ ಸುರಕ್ಷಾ ಯೋಜನೆ, ಮಡಿಲು ಕಿಟ್, ತಾಯಿ ಭಾಗ್ಯ, 108 ಆಂಬುಲೆನ್ಸ್ ಇವೆಲ್ಲ ಈ ಅವಧಿಯ ಕೂಸುಗಳೇ. ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿ ಎಳೆದರೆ ಒಂದು ಏರುತ್ತದೆ, ಇನ್ನೊಂದು ಇಳಿಯುತ್ತದೆ. ಕಣ್ಣಿಗೆ ಇದಕ್ಕಿಂತ ಸಾಕ್ಷಿ ಬೇಕೇ ಎನಿಸುತ್ತದೆ. ಅಡ್ಡ ಮಲಗಿದ ಮಗು, ನಿಲ್ಲದ ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಫಿಟ್ಸ್ ಇವಕ್ಕೆ ಮನೆಯಲ್ಲಿ ಮದ್ದಿಲ್ಲ ಎಂಬುದೂ ನಿಜವೇ. ಶಸ್ತ್ರಚಿಕಿತ್ಸೆಯ ಕೋಣೆ, ರಕ್ತನಿಧಿ, ಅರಿವಳಿಕೆ ಕೊಡುವ ವೈದ್ಯರು ಇಲ್ಲದ ಕಾಲದಲ್ಲಿ ಹೆಣ್ಣುಮಕ್ಕಳು ಹೇಗೆ ಸತ್ತರು ಎಂಬುದನ್ನು ಯಾರೂ ಮರೆಯಬಾರದು. ‘ಹಿಂದೆಲ್ಲ ಮನೆಯಲ್ಲೇ ಹೆರುತ್ತಿರಲಿಲ್ಲವೇ’ ಎನ್ನುವವರು ಹೆರಲಾರದೆ ಹೋದವರ ಲೆಕ್ಕವನ್ನು ಬಿಟ್ಟು ಮಾತಾಡುತ್ತಾರೆ. ಆ ಗುಂಪಿಗೆ ನಾನು ಸೇರಿದವನಲ್ಲ.

ಆದರೆ ಎರಡು ಗೆರೆಗಳು ಜೊತೆಯಲ್ಲಿ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದನ್ನು ನಡೆಸಿತೆಂದು ಹೇಳಲಾಗದು. ಅದೇ ಅವಧಿಯಲ್ಲಿ ಹೆಣ್ಣುಮಕ್ಕಳ ಮದುವೆಯ ವಯಸ್ಸು ಏರಿತು, ಐದಾರು ಹೆರುತ್ತಿದ್ದ ಕಡೆ ಎರಡಕ್ಕೆ ನಿಂತರು, ರಸ್ತೆ ಬಂತು, ಫೋನು ಬಂತು. ಆಸ್ಪತ್ರೆಗೆ ಕರೆತಂದದ್ದರಿಂದಲೇ ಎಷ್ಟು ಜೀವ ಉಳಿಯಿತು ಎಂದು ಬಿಡಿಸಿ ನೋಡಿದವರಿದ್ದಾರೆ. ಉತ್ತರ ಮತ್ತು ಪೂರ್ವ ಭಾರತದ ಒಂಬತ್ತು ರಾಜ್ಯಗಳ ಜಿಲ್ಲಾವಾರು ಅಂಕಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಐದು ವರ್ಷಗಳಲ್ಲಿ ಆಸ್ಪತ್ರೆಯ ಹೆರಿಗೆ ನೂರಕ್ಕೆ 20ರಿಂದ 49ಕ್ಕೆ ಜಿಗಿದರೂ ಆ ಜಿಗಿತಕ್ಕೂ ತಾಯಂದಿರ ಮರಣದ ಇಳಿಕೆಗೂ ಅರ್ಥಪೂರ್ಣ ನಂಟು ಕಾಣಲಿಲ್ಲ ಎಂದಿತು. ಅದಕ್ಕೆ ಮೂರು ವರ್ಷ ಮೊದಲು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಜನನಿ ಸುರಕ್ಷಾ ಯೋಜನೆಯ ಮೌಲ್ಯಮಾಪನಕ್ಕೆ ಹುಟ್ಟಿನ ಆಸುಪಾಸಿನ ಶಿಶುಮರಣ ತಗ್ಗಿದ್ದು ಕಂಡಿತು, ತಾಯಂದಿರ ಮರಣದ ಮೇಲಿನ ಪರಿಣಾಮವನ್ನು ಗುರುತಿಸಲಾಗಲಿಲ್ಲ. ಇದರಲ್ಲಿ ಒಗಟೇನೂ ಇಲ್ಲ. ರಾತ್ರಿ ಪಾಳಿಯಲ್ಲಿ ಒಬ್ಬಳೇ ನರ್ಸಿರುವ, ರಕ್ತ ಕೊಡುವ ಅನುಕೂಲವಿಲ್ಲದ, ಕ್ಲಿಷ್ಟವಾದರೆ ‘ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆಯುವ ಪ್ರಾಥಮಿಕ ಆರೋಗ್ಯ ಕೇಂದ್ರದ ಮಂಚದ ಮೇಲೆ ಹೆತ್ತರೂ ಅದು ‘ಸಾಂಸ್ಥಿಕ ಹೆರಿಗೆ’ಯೇ. ಹೆಂಚಿನ ಮನೆಯಿಂದ ಆರ್‌ಸಿಸಿ ಸೂರಿನಡಿಗೆ ಬಂದದ್ದಷ್ಟೇ ಬದಲಾವಣೆ. ಕೈ ಬದಲಾಗಲಿಲ್ಲ, ದಾರಿ ಚಿಕ್ಕದಾಗಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ನಮ್ಮ ಪಕ್ಕದ ಶ್ರೀಲಂಕಾ ಮತ್ತು ಮಲೇಷ್ಯಾಗಳು ಬಡತನದ ದಿನಗಳಲ್ಲೇ ತಾಯಂದಿರ ಮರಣವನ್ನು ಮತ್ತೆಮತ್ತೆ ಅರ್ಧಕ್ಕೆ ಇಳಿಸಿದ ದೇಶಗಳು. ಇಂದು ಅಲ್ಲಿ ಬಹುಪಾಲು ಹೆರಿಗೆ ಆಸ್ಪತ್ರೆಯಲ್ಲೇ ಆಗುವುದರಿಂದ ಅದನ್ನೇ ಗುಟ್ಟೆಂದು ನಮ್ಮವರು ತಿಳಿಯುತ್ತಾರೆ. ಅವರ ಇತಿಹಾಸ ಹೇಳುವುದು ಬೇರೆ. ಈ ಎರಡು ದೇಶಗಳ ಅನುಭವವನ್ನು ವಿಶ್ವಬ್ಯಾಂಕ್ 2003ರಲ್ಲಿ ಪುಸ್ತಕವಾಗಿ ತಂದಿತು. ಅದರ ಪ್ರಕಾರ ಮೊದಲು ನಡೆದದ್ದು ತರಬೇತಿ ಪಡೆದ ಸರ್ಕಾರಿ ಸೂಲಗಿತ್ತಿಯರನ್ನು ಹಳ್ಳಿಗಳಲ್ಲಿ ನೆಲೆಗೊಳಿಸಿ, ಮನೆಗಳಲ್ಲೇ ಹೆರಿಗೆ ಮಾಡಿಸಿ, ಕಷ್ಟವಾದವರನ್ನು ಮಾತ್ರ ಆಸ್ಪತ್ರೆಗೆ ಮುಟ್ಟಿಸುವ ಕೆಲಸ. ಮಲೇಷ್ಯಾದವರು ಹಳ್ಳಿಯ ಹಳೆಯ ಸೂಲಗಿತ್ತಿಯರನ್ನೂ ಬಹಿಷ್ಕರಿಸದೆ ಹೊಸಬರ ಜೊತೆಗಾತಿಯರನ್ನಾಗಿ ಮಾಡಿಕೊಂಡರು. ಆ ಸೂಲಗಿತ್ತಿಯ ಮೇಲೆ ನಂಬಿಕೆ ಬೇರೂರಿದ ಮೇಲೆ, ಅವಳು ಕರೆದ ಕಡೆಗೆ, ಎಂದರೆ ಆಸ್ಪತ್ರೆಗೆ, ಹೆಂಗಸರು ತಾವಾಗಿ ಬಂದರು. ನಾವು ಅವರ ಕೊನೆಯ ಮೆಟ್ಟಿಲನ್ನು ನಮ್ಮ ಮೊದಲ ಮೆಟ್ಟಿಲು ಮಾಡಿಕೊಂಡೆವು.

ಕಟ್ಟಡದ ಮೇಲಿನ ಭಕ್ತಿ ಎಷ್ಟು ಕುರುಡಾಗಬಲ್ಲದು ಎಂಬುದಕ್ಕೆ ವೈದ್ಯಕೀಯದ ಇತಿಹಾಸದಲ್ಲೇ ಪ್ರಸಿದ್ಧ ಪ್ರಕರಣವಿದೆ. 1840ರ ದಶಕದ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಇದ್ದ ವಿಭಾಗದಲ್ಲಿ ಬಾಣಂತಿಯರು ನೂರಕ್ಕೆ ಸುಮಾರು ಹತ್ತರಂತೆ ಸಾಯುತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ ನಾಲ್ಕಕ್ಕಿಂತ ಕಡಿಮೆ. ಮೊದಲನೆಯದಕ್ಕೆ ಸೇರಿಸಬೇಡಿರೆಂದು ಬಸುರಿಯರು ಮೊಣಕಾಲೂರಿ ಬೇಡುತ್ತಿದ್ದರು. ಕೆಲವರು ಬೀದಿಯಲ್ಲಿ ಹೆತ್ತು ಬರುವುದೇ ಲೇಸೆಂದುಕೊಂಡಿದ್ದರು. ಶವ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುವುದು ಕಾರಣವೆಂದು ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ಕಂಡುಹಿಡಿದು ಕೈ ತೊಳೆಸಿದ ಮೇಲೆ ಸಾವು ಧುಮ್ಮಿಕ್ಕಿ ಇಳಿಯಿತು. ಈ ಕಥೆಯನ್ನು ನಾವು ಕೈ ತೊಳೆಯುವ ಪಾಠವಾಗಿ ಹೇಳುತ್ತೇವೆ. ಆಸ್ಪತ್ರೆ ಬೇಡವೆಂದ ಆ ಹೆಂಗಸರ ಭಯ ಮೂಢನಂಬಿಕೆಯಾಗಿರಲಿಲ್ಲ, ಅದು ಸರಿಯಾದ ಲೆಕ್ಕವಾಗಿತ್ತು ಎಂಬ ಭಾಗವನ್ನು ಮಾತ್ರ ಬಿಡುತ್ತೇವೆ. ನಮ್ಮ ಕಾಲಕ್ಕೆ ಬಂದರೆ, 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಡ್ರಿಪ್‌ನಲ್ಲಿ ಹಾಕಿದ ದ್ರಾವಣದ ಮೇಲೆಯೇ ಶಂಕೆ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಬೇಕಾಯಿತು. ಆ ಪ್ರಕರಣದಿಂದ ಆಸ್ಪತ್ರೆಯೇ ಬೇಡ ಎಂಬ ತೀರ್ಮಾನಕ್ಕೆ ಯಾರೂ ಬರಲಿಲ್ಲ, ಬರಬಾರದು ಕೂಡ. ಆದರೆ ಮನೆಯಲ್ಲಿ ಒಂದು ಸಾವಾದರೆ ಮನೆ ಹೆರಿಗೆಯೇ ಅಪರಾಧ ಎನ್ನುವ ನಾವು, ಆಸ್ಪತ್ರೆಯಲ್ಲಿ ಸಾಲು ಸಾವಾದಾಗ ಔಷಧ ಖರೀದಿಯ ಲೋಪ ಎನ್ನುತ್ತೇವಲ್ಲ, ಆ ತಕ್ಕಡಿ ಯಾವ ಕಡೆಗೆ ವಾಲಿದೆ ಎಂದು ಒಮ್ಮೆ ನೋಡಬೇಕು. ಸಿಸೇರಿಯನ್ ಲೆಕ್ಕವೂ ಇಲ್ಲೇ ಸೇರುತ್ತದೆ. ಇಡೀ ಜನಸಮುದಾಯದಲ್ಲಿ ನೂರಕ್ಕೆ ಹತ್ತನ್ನು ದಾಟಿದ ಮೇಲೆ ಸಿಸೇರಿಯನ್ ಹೆಚ್ಚಿದಂತೆ ಸಾವು ಕಡಿಮೆಯಾಗುವುದು ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಕರ್ನಾಟಕದಲ್ಲಿ 2019-21ರ ಸಮೀಕ್ಷೆಯ ಹೊತ್ತಿಗೆ ಅದು 31.5, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮಿಗಿಲು. ಹೊಟ್ಟೆ ಕೊಯ್ಯಬೇಕಾಗಿದ್ದ ಬಸುರಿ ಹಾಡಿಯಲ್ಲಿ ಉಳಿದಳು, ಕೊಯ್ಯಬೇಕಿಲ್ಲದವಳು ಪಟ್ಟಣದಲ್ಲಿ ಕೊಯ್ಯಿಸಿಕೊಂಡಳು.

ಈಗ ಸರ್ಕಾರಿ ಸೂಲಗಿತ್ತಿಯ ಮಾತು. ಎಎನ್ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಎಂಬ ಮೂರು ಅಕ್ಷರಗಳಲ್ಲಿ ಕೊನೆಯದು ಸೂಲಗಿತ್ತಿ ಎಂದೇ ಬಿಡಿಸಿಕೊಳ್ಳುತ್ತದೆ. ಉಪಕೇಂದ್ರದಲ್ಲಿ ನೆಲೆಸಿ, ಊರೂರು ಸುತ್ತಿ, ಹೆರಿಗೆ ಮಾಡಿಸುವುದಕ್ಕೆಂದೇ ಹುಟ್ಟಿದ ಹುದ್ದೆ ಅದು. 1973ರ ಕರ್ತಾರ್ ಸಿಂಗ್ ಸಮಿತಿ ಅವಳನ್ನು ಬಹೂದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಬೇಕೆಂದಿತು. ನಂತರ ತರಬೇತಿಯ ಅವಧಿಯೂ ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಯಿತು. ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ, ಲಸಿಕೆಯ ಗುರಿ, ಸಮೀಕ್ಷೆ, ರಿಜಿಸ್ಟರು, ಈಗ ಟ್ಯಾಬಿನಲ್ಲಿ ತುಂಬುವ ಮಾಹಿತಿ ಹೀಗೆ ಹೊರೆ ಏರುತ್ತ ಹೋದಂತೆ ಕೈಯಿಂದ ಹೆರಿಗೆ ಜಾರಿತು. ನಮ್ಮ ರಾಜ್ಯದಲ್ಲಿ ಅವಳು ಕಿರಿಯ ಆರೋಗ್ಯ ಸಹಾಯಕಿಯಾದಳು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಅಧಿಕಾರಿ ಎಂಬ ಪದ ಬಂತು, ಸೂಲಗಿತ್ತಿ ಎಂಬ ಪದ ಹೋಯಿತು. ಹಳ್ಳಿಯ ಬಾಯಲ್ಲಿ ಇನ್ನೂ ‘ನರ್ಸಮ್ಮ’ ಎಂದು ಉಳಿದಿದ್ದಾಳೆನ್ನುವುದೊಂದೇ ಸಮಾಧಾನ. ಹೆರಿಗೆ ಮಾಡಿಸುವುದು ಓದಿ ಮುಗಿಯುವ ವಿದ್ಯೆಯಲ್ಲ. ವರ್ಷಕ್ಕೆ ಹತ್ತಾದರೂ ಮಾಡಿಸದ ಕೈ ಅದನ್ನು ಮರೆಯುತ್ತದೆ. ಮರೆತ ಕೈ ಹೆದರುತ್ತದೆ, ಹೆದರಿದ ಕೈ ಎಲ್ಲರನ್ನೂ ಮೇಲಿನ ಆಸ್ಪತ್ರೆಗೆ ಕಳಿಸುತ್ತದೆ. ಹೀಗೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಹೆರಿಗೆ ವಾರ್ಡಿನಲ್ಲಿ ಒಂದೇ ಮಂಚಕ್ಕೆ ಇಬ್ಬರು ಬಾಣಂತಿಯರಾದರು. ಅಲ್ಲಿ ಬೈಗುಳ ಹೆಚ್ಚಿತೆಂದರೆ ಅಚ್ಚರಿಯೇನು?

ಆ ಬೈಗುಳವೂ ಈ ವಾದದ ಹೊರಗಿನ ವಿಷಯವಲ್ಲ. ಆಸ್ಪತ್ರೆಗೆ ಬಾರದ ನೂರಕ್ಕೆ ಮೂವರು ಹೆಂಗಸರು ಏಕೆ ಮನೆಯಲ್ಲೇ ಉಳಿದಿದ್ದಾರೆ ಎಂದು ಕೇಳಿದರೆ ‘ಅಜ್ಞಾನ’ ಎಂಬ ಒಂದೇ ಪದದಲ್ಲಿ ಉತ್ತರ ಮುಗಿಯುತ್ತದೆ. ಅದು ಸೋಮಾರಿ ಉತ್ತರ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಊರುಗಳು, ಜೋಯಿಡಾ, ಖಾನಾಪುರದ ಕಡೆಯ ಒಂಟಿ ವಸತಿಗಳು ಮಳೆಗಾಲದಲ್ಲಿ ಹೇಗಿರುತ್ತವೆಂದು ಬಲ್ಲವರು, ಬಟ್ಟೆ ಕಟ್ಟಿದ ಬಿದಿರಿನ ಜೋಳಿಗೆಯಲ್ಲಿ ಹೊತ್ತು ತಂದ ಬಸುರಿಯರ ಸುದ್ದಿ ಓದಿದವರು, ಈ ಪದವನ್ನು ಇಷ್ಟು ಸಲೀಸಾಗಿ ಆಡಲಾರರು. ದಾರಿ ಇದ್ದವರಿಗೂ ಕಾರಣಗಳಿವೆ. ಎರಡನೆಯದು, ಮೂರನೆಯದು ಬೇಗ ಆಗುತ್ತದೆ. ನಡುರಾತ್ರಿ ಜೀಪಿನಲ್ಲಿ ಕುಲುಕುತ್ತ ದಾರಿಯಲ್ಲೇ ಹೆರುವುದಕ್ಕಿಂತ ಮನೆಯೇ ವಾಸಿ ಎನಿಸುತ್ತದೆ. ಹಿಂದಿನ ಮಗುವನ್ನು ಯಾರ ಬಳಿ ಬಿಡುವುದು, ಗಂಡನ ಕೂಲಿ ಎಷ್ಟು ದಿನ ಹೋಗುತ್ತದೆ, ‘ಚಾ ಕಾಸು’ ಎಷ್ಟಾಗುತ್ತದೆ ಎಂಬುದೂ ಇದೆ. ಕುಕ್ಕರುಗಾಲಿನಲ್ಲಿ, ಹಗ್ಗವನ್ನೋ ತೊಲೆಯನ್ನೋ ಹಿಡಿದು ಹೆರುವುದು ರೂಢಿಯಿರುವ ಸೋಲಿಗರಂಥವರಿಗೆ ಅಂಗಾತ ಮಲಗಿಸಿ ಕಾಲು ಎತ್ತಿಸುವುದು ಹಿಂಸೆ. ತನಗೆ ಅನುಕೂಲವಾದ ಭಂಗಿಯಲ್ಲಿ ಹೆರುವ ಆಯ್ಕೆ ಹೆಂಗಸಿನದೆಂದು, ತನಗೆ ಬೇಕಾದವರು ಜೊತೆಗಿರಬೇಕೆಂದು, ಎಲ್ಲರಿಗೂ ಮೂಲದ್ವಾರದ ಬಳಿ ಕೊಯ್ಯಬಾರದೆಂದು, ಹೊಟ್ಟೆಯನ್ನು ಮೇಲಿಂದ ಒತ್ತಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದ್ದು ನಮ್ಮ ಎಷ್ಟು ಹೆರಿಗೆ ಕೋಣೆಗಳನ್ನು ತಲುಪಿದೆ? ‘ಮಾಡಿಕೊಳ್ಳುವಾಗ ಗೊತ್ತಾಗಲಿಲ್ಲವೇ’ ಎಂಬ ಮಾತನ್ನು ಬೇನೆಯ ನಡುವೆ ಕೇಳಿಸಿಕೊಂಡವಳು ಮುಂದಿನ ಹೆರಿಗೆಗೆ ಆ ಬಾಗಿಲಿಗೆ ಹೋಗಲೊಲ್ಲೆ ಎಂದರೆ ಅದು ಅಜ್ಞಾನದಿಂದ ಬಂದ ಮಾತಲ್ಲ.

ಹಾಗಾದರೆ ಮನೆಯಲ್ಲೇ ಉಳಿದವರಿಗೆ ಏನಾದರೂ ಮಾಡಲು ಸಾಧ್ಯವೇ, ಇಲ್ಲವೇ? ಇದಕ್ಕೆ ಉತ್ತರ ನಮ್ಮ ಬೆಳಗಾವಿಯಲ್ಲೇ ಇದೆ. ಬಾಣಂತಿಯರನ್ನು ಕೊಲ್ಲುವ ಕಾರಣಗಳಲ್ಲಿ ಮೊದಲನೆಯದು ಹೆರಿಗೆಯ ನಂತರದ ರಕ್ತಸ್ರಾವ. ಅದನ್ನು ತಡೆಯಲು ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ತಣ್ಣನೆಯ ಪೆಟ್ಟಿಗೆ ಬೇಕು, ಸೂಜಿ ಹಾಕಲು ಬರಬೇಕು. ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಗೆ ಇವೆರಡೂ ಬೇಡ. ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2002ರಿಂದ 2005ರವರೆಗೆ, ಮನೆಯಲ್ಲೋ ಉಪಕೇಂದ್ರದಲ್ಲೋ ಹೆತ್ತ 1620 ಹೆಂಗಸರ ಮೇಲೆ ಈ ಗುಳಿಗೆಯ ಪರೀಕ್ಷೆ ನಡೆಯಿತು. ಕೊಟ್ಟವರು ವೈದ್ಯರಲ್ಲ, ಎಎನ್ಎಂಗಳು. ಸೋರಿದ ರಕ್ತವನ್ನು ಅಂದಾಜಿನಲ್ಲಿ ಹೇಳದೆ, ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನೋಡಿದರು. ಸುಳ್ಳು ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾಯಿತು, ಮಿಸೊಪ್ರೊಸ್ಟಾಲ್ ನುಂಗಿದವರಲ್ಲಿ 6.4. ಜೀವಕ್ಕೇ ಕುತ್ತಾಗುವಷ್ಟು ಸ್ರಾವ 1.2ರಿಂದ 0.2ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು, ಜಗತ್ತಿನ ಹಲವು ಬಡ ದೇಶಗಳ ನೀತಿಯ ಚರ್ಚೆಯಲ್ಲಿ ಬೆಳಗಾವಿಯ ಹೆಸರು ಬಂತು. ನಮ್ಮ ರಾಜ್ಯದ ಹಳ್ಳಿಯ ಹೆಂಗಸರ ಮೈಮೇಲೆ ಸಾಬೀತಾದ ಈ ಮಾತು ನಮ್ಮದೇ ಸೊನ್ನೆಯ ಗುರಿಯ ಗದ್ದಲದಲ್ಲಿ ಮುಳುಗಿಹೋಯಿತು. ಮನೆ ಹೆರಿಗೆಯೇ ಇರಬಾರದು ಎಂದ ಮೇಲೆ ಮನೆ ಹೆರಿಗೆಗೆ ಗುಳಿಗೆ ಕೊಡುವುದು ಹೇಗೆ? ಕೊಟ್ಟರೆ ಒಪ್ಪಿಕೊಂಡಂತಲ್ಲವೇ? ಇಂಥ ತರ್ಕಕ್ಕೆ ಮಡಿವಂತಿಕೆ ಎಂದು ಹೆಸರು.

ಮಹಾರಾಷ್ಟ್ರದ ಗಡ್‌ಚಿರೋಲಿಯದೂ ಇದೇ ಜಾತಿಯ ಪಾಠ. ವೈದ್ಯರಾದ ಅಭಯ್ ಬಂಗ್ ದಂಪತಿ ಅಲ್ಲಿನ 39 ಹಳ್ಳಿಗಳಲ್ಲಿ ಅಷ್ಟಿಷ್ಟು ಓದಿದ ಹೆಂಗಸರಿಗೆ, ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಮನೆಯಲ್ಲೇ ಹುಟ್ಟಿದ ಕೂಸುಗಳ ಆರೈಕೆಗೆ ಕಳಿಸಿದರು. ಉಸಿರುಗಟ್ಟಿದ ಮಗುವಿಗೆ ಉಸಿರು ಕೊಡುವುದು, ನಂಜಾದರೆ ಇಂಜೆಕ್ಷನ್ ಹಾಕುವುದು ಸೇರಿ. ಮೂರನೆಯ ವರ್ಷದ ಹೊತ್ತಿಗೆ ನವಜಾತ ಶಿಶುಗಳ ಸಾವು, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ನೂರಕ್ಕೆ 62ರಷ್ಟು ತಗ್ಗಿತು. ಇಂದು ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬಂದು ಕೂಸನ್ನು ತೂಗಿ ನೋಡುತ್ತಾಳಲ್ಲ, ಅದರ ಬೇರು ಇಲ್ಲಿದೆ. ಪಾಕಿಸ್ತಾನದ ಲಾರ್ಕಾನಾದಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು, ಶುದ್ಧ ಕಿಟ್ಟು ಕೊಟ್ಟು, ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಬೆಸೆದಾಗ ಹುಟ್ಟಿನ ಆಸುಪಾಸಿನ ಶಿಶುಮರಣ ನೂರಕ್ಕೆ ಮೂವತ್ತರಷ್ಟು ಇಳಿಯಿತು ಎಂದು 2005ರಲ್ಲಿ ವರದಿಯಾಯಿತು. ಅಲ್ಲಿ ತಾಯಂದಿರ ಮರಣದ ಇಳಿಕೆ ಮಾತ್ರ ಖಚಿತವೆನ್ನುವಷ್ಟು ಕಾಣಲಿಲ್ಲ, ಅದನ್ನೂ ಹೇಳಿಬಿಡಬೇಕು. ತರಬೇತಿಯೊಂದೇ ಸಾಲದು, ಹಿಂದೆ ಆಸ್ಪತ್ರೆ ಇರಬೇಕು.

ಇಲ್ಲಿ ಸೂಲಗಿತ್ತಿಯ ಹೊಗಳುಭಟರಿಗೂ ಎರಡು ಮಾತು ಹೇಳಬೇಕು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರೆಂದು ಹೆಸರಾದರು. ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಒಂದು ಕೈಯಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟ ವ್ಯವಸ್ಥೆಯೇ ಇನ್ನೊಂದು ಕೈಯಲ್ಲಿ ಅವರ ಕಸುಬನ್ನು ಹೆರಿಗೆಯ ಲೆಕ್ಕದಿಂದ ಅಳಿಸುತ್ತಿತ್ತು. ಸತ್ತುಹೋಗುತ್ತಿರುವುದಕ್ಕೆ ಸನ್ಮಾನ ಮಾಡುವುದು ನಮಗೆ ಸುಲಭ. 1992ರಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡಿ ಎಂದ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2004ರ ಹೊತ್ತಿಗೆ ಅವರನ್ನು ಕುಶಲ ಹೆರಿಗೆ ಸಹಾಯಕರ ವ್ಯಾಖ್ಯೆಯಿಂದಲೇ ಹೊರಗಿಟ್ಟವು. ನಮ್ಮ ದಾಯಿ ತರಬೇತಿಗಳೂ ಬಾಗಿಲು ಹಾಕಿಕೊಂಡವು. ಅಷ್ಟಾದರೂ ಸೂಲಗಿತ್ತಿಯ ಅರಿವೆಲ್ಲ ಬಂಗಾರವೆನ್ನಲಾರೆ. ಹೊಕ್ಕುಳಿಗೆ ಸಗಣಿ, ಬೂದಿ ಹಚ್ಚಿ ಧನುರ್ವಾಯು ತಂದ ಕೈಗಳೂ ಇದ್ದವು. ಭಾರತ 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿವಾರಿಸಿದ್ದು ಲಸಿಕೆಯಿಂದ, ಶುದ್ಧ ಬ್ಲೇಡಿನಿಂದ. ಈ ಕಸುಬಿಗೆ ಜಾತಿಯೂ ಅಂಟಿಕೊಂಡಿದೆ. ಹೊಕ್ಕುಳಬಳ್ಳಿ ಕತ್ತರಿಸುವುದು, ಕಸ ಹೂಳುವುದು ಮೈಲಿಗೆ ಎಂದೇ ಅದು ಎಷ್ಟೋ ಕಡೆ ದಲಿತ ಹೆಂಗಸಿನ ಪಾಲಿಗೆ ಬಂತು. ಮಗುವನ್ನು ಮೊದಲು ಎತ್ತಿದವಳಿಗೆ ಆ ಮನೆಯ ಒಳಗೆ ಊಟವಿಲ್ಲ. ಕೆಲವು ಗೊಲ್ಲರಹಟ್ಟಿಗಳಲ್ಲಿ ಸೂತಕದ ಹೆಸರಿನಲ್ಲಿ ಹಸಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಲ್ಲಿ ಮಳೆ, ಚಳಿಗೆ ಬಿಡುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಇದನ್ನು ಸಂಸ್ಕೃತಿ ಎಂದು ಸಮರ್ಥಿಸುವವರ ಜೊತೆ ನನಗೆ ಮಾತಿಲ್ಲ. ಸೂಲಗಿತ್ತಿಯಿಂದ ನಾವು ಉಳಿಸಿಕೊಳ್ಳಬೇಕಾದದ್ದು ಅವಳ ಬೂದಿಯನ್ನಲ್ಲ, ಅವಳ ಕಾಯುವಿಕೆಯನ್ನು: ಗಡಿಯಾರ ನೋಡದೆ, ಬೈಯದೆ, ಬೆನ್ನು ನೀವುತ್ತ ಕೂರುವ ಆ ತಾಳ್ಮೆಯನ್ನು, ಕರೆದಾಗ ಬರುವ ನಂಬಿಕೆಯನ್ನು.

ನಗರದ ಓದುಗರು ಕೆಲವರು ಇಂಗ್ಲೆಂಡಿನ ಉದಾಹರಣೆ ಕೊಡುತ್ತಾರೆ, ಪರವಾಗಿಯೂ ವಿರೋಧವಾಗಿಯೂ. 2011ರಲ್ಲಿ ಅಲ್ಲಿ ಪ್ರಕಟವಾದ, ಅಪಾಯ ಕಡಿಮೆಯಿರುವ 64,538 ಬಸುರಿಯರ ಅಧ್ಯಯನದಲ್ಲಿ, ಎರಡನೆಯ ಅಥವಾ ನಂತರದ ಹೆರಿಗೆಯಾದರೆ ಮನೆಗೂ ಆಸ್ಪತ್ರೆಗೂ ಮಗುವಿನ ಮಟ್ಟಿಗೆ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಕೂಸಿಗೆ ಕೆಡುಕಾಗುವ ಪ್ರಮಾಣ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3 ಇತ್ತು, ಮನೆಯಲ್ಲಿ ಶುರುಮಾಡಿದ ಚೊಚ್ಚಲ ಬಸುರಿಯರಲ್ಲಿ ನೂರಕ್ಕೆ 45 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಅರ್ಹ ಸೂಲಗಿತ್ತಿ ಇದ್ದಾಳೆ, ಆಂಬುಲೆನ್ಸ್ ನಿಮಿಷಗಳಲ್ಲಿ ಬರುತ್ತದೆ, ರಕ್ತಹೀನತೆ ನಮ್ಮಷ್ಟಿಲ್ಲ. ಆದ್ದರಿಂದ ಆ ಅಂಕಿಯನ್ನು ಬಿಳಿಗಿರಿರಂಗನ ಬೆಟ್ಟಕ್ಕೆ ತಂದು ಹಾಕುವುದು ತಪ್ಪು, ಒಪ್ಪುತ್ತೇನೆ. ಆದರೆ ಅದರಿಂದ ಒಂದು ಮಾತನ್ನಂತೂ ತರಬಹುದು: ಮನೆ ಎಂಬುದು ಒಂದೇ ಅಲ್ಲ, ಬಸುರಿ ಎಂದರೂ ಒಂದೇ ಅಲ್ಲ. ಚೊಚ್ಚಲಿಗೆ, ರಕ್ತ ಕಡಿಮೆಯಿದ್ದವಳಿಗೆ, ಬಿಪಿ ಇದ್ದವಳಿಗೆ, ಹಿಂದೆ ಸಿಸೇರಿಯನ್ ಆದವಳಿಗೆ ಆಸ್ಪತ್ರೆಯೇ ಸರಿ ಎಂದು ಸೂಲಗಿತ್ತಿಯೇ ಹೇಳಬೇಕು. ಅವಳು ಹೇಳಿದರೆ ಕೇಳುತ್ತಾರೆ. ಎಲ್ಲರಿಗೂ ಒಂದೇ ಮಾತು ಹೇಳುವ ಇಲಾಖೆಯ ಎಚ್ಚರಿಕೆ, ನಿಜವಾಗಿ ಎಚ್ಚರಿಸಬೇಕಾದವಳ ಕಿವಿಗೂ ಬರೀ ಸದ್ದಾಗಿ ಬೀಳುತ್ತದೆ.

‘ಆಯ್ಕೆ ಎನ್ನುತ್ತೀರಿ, ನಮ್ಮ ಹಳ್ಳಿಯಲ್ಲಿ ಅದು ಅತ್ತೆಯ ಆಯ್ಕೆ, ಗಂಡನ ಆಯ್ಕೆ’ ಎಂಬ ಆಕ್ಷೇಪವೇ ನನಗೆ ಎಲ್ಲಕ್ಕಿಂತ ಭಾರದ್ದು. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ಯೂಟ್ಯೂಬ್ ನೋಡಿಕೊಂಡು ಮನೆಯಲ್ಲಿ ಹೆರಿಗೆಗೆ ಹೊರಟು ಹೆಂಗಸೊಬ್ಬಳು ರಕ್ತಸ್ರಾವದಿಂದ ಸತ್ತದ್ದು ಎಲ್ಲರ ನೆನಪಿನಲ್ಲಿದೆ. ಓದಿದ, ಪಟ್ಟಣದ, ‘ಸಹಜ’ದ ಹುಚ್ಚು ಹಿಡಿದವರ ಕಥೆ ಅದು, ಅಲ್ಲಿ ಇಲ್ಲದಿದ್ದದ್ದು ಆಸ್ಪತ್ರೆ ಮಾತ್ರವಲ್ಲ, ಸೂಲಗಿತ್ತಿಯೂ ಇರಲಿಲ್ಲ. ಅದನ್ನು ಮನೆ ಹೆರಿಗೆಯ ವಿರುದ್ಧದ ಸಾಕ್ಷಿಯಾಗಿ ತರುವವರು ನನ್ನ ವಾದವನ್ನೇ ಗಟ್ಟಿಮಾಡುತ್ತಾರೆ. ಇನ್ನು ಅತ್ತೆ, ಗಂಡನ ಮಾತು. ಹೌದು, ಎಷ್ಟೋ ಮನೆಗಳಲ್ಲಿ ಬಸುರಿಯ ಬಾಯಿಗೆ ಬೆಲೆಯಿಲ್ಲ. ಆದರೆ ಆಸ್ಪತ್ರೆಗೆ ಹೋಗುವುದನ್ನೂ ಅವರೇ ತೀರ್ಮಾನಿಸುತ್ತಾರೆ, ಸಿಸೇರಿಯನ್‌ಗೆ ಸಹಿಯನ್ನೂ ಅವರೇ ಹಾಕುತ್ತಾರೆ, ಎರಡನೆಯದಾದ ಮೇಲೆ ಆಪರೇಷನ್ನಿಗೂ ಅವರೇ ಕಳಿಸುತ್ತಾರೆ. ಅಲ್ಲೆಲ್ಲ ಕಾಡದ ಆಯ್ಕೆಯ ಚಿಂತೆ ಮನೆ ಹೆರಿಗೆಯ ಹೊತ್ತಿಗೆ ಮಾತ್ರ ಏಕೆ ಮೈದುಂಬುತ್ತದೆ? ಬಸುರಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಐದನೆಯ ತಿಂಗಳಿಂದ ಪ್ರತಿ ಸಲವೂ ಬರುವ ಒಬ್ಬಳೇ ಹೆಂಗಸು ಕೇಳಿದರೆ ಅವಳು ತನ್ನ ಮನಸ್ಸಿನಲ್ಲಿರುವುದನ್ನು ಹೇಳಿಯಾಳು. ಅಂಥ ಹೆಂಗಸೇ ಸೂಲಗಿತ್ತಿ. ಆಯ್ಕೆಯನ್ನು ನಿಜ ಮಾಡುವ ದಾರಿಯೂ ಅವಳ ಮೂಲಕವೇ ಹೋಗುತ್ತದೆ, ನೋಟಿಸಿನ ಮೂಲಕ ಹೋಗುವುದಿಲ್ಲ.

ಬೆಂಬಲ ಕೊಟ್ಟರೆ ಮನೆ ಹೆರಿಗೆ ಹೆಚ್ಚಾಗುವುದಿಲ್ಲವೇ ಎಂಬ ಅಂಜಿಕೆ ಉಳಿದಿದೆ. ಹೆದರಿಸಿದರೆ ಏನಾಗುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು. ಮನೆಯಲ್ಲಿ ಹೆರುವುದು ನಮ್ಮ ದೇಶದಲ್ಲಿ ಅಪರಾಧವಲ್ಲ; 1969ರ ಜನನ ಮರಣ ನೋಂದಣಿ ಕಾಯ್ದೆ ಮನೆಯಲ್ಲಿ ಹುಟ್ಟಿದ ಮಗುವಿನ ಹೆಸರನ್ನೂ ಬರೆಸಲು ದಾರಿ ಇಟ್ಟಿದೆ. ಆದರೆ ಬೈಗುಳಕ್ಕೆ ಕಾನೂನು ಬೇಕಿಲ್ಲ. ಬೈಯುತ್ತಾರೆಂದು ಹೆದರಿದವಳು ದಿನ ತುಂಬಿದ್ದನ್ನು ಮುಚ್ಚಿಡುತ್ತಾಳೆ, ಬೇನೆ ಬಂದದ್ದನ್ನು ಹೇಳುವುದಿಲ್ಲ, ಕಸ ಬೀಳದೆ ಎರಡು ಗಂಟೆಯಾದರೂ ಫೋನು ಮಾಡಲು ಅಂಜುತ್ತಾಳೆ. ಹೋಗಬೇಕೆಂದು ತೀರ್ಮಾನಿಸುವಲ್ಲಿ, ದಾರಿ ಸಾಗುವಲ್ಲಿ, ಹೋದ ಮೇಲೆ ಆರೈಕೆ ಸಿಗುವಲ್ಲಿ ಹೀಗೆ ಮೂರು ತಡಗಳು ಬಾಣಂತಿಯನ್ನು ಕೊಲ್ಲುತ್ತವೆಂದು ತಜ್ಞರು 1994ರಿಂದಲೂ ಹೇಳುತ್ತಿದ್ದಾರೆ. ನಮ್ಮ ಶೂನ್ಯದ ಗುರಿ ಮೊದಲನೆಯ ತಡವನ್ನು ನಾವೇ ಹಿಗ್ಗಿಸಿಕೊಟ್ಟಂತೆ. ವಿಚಿತ್ರವೆಂದರೆ ಜನನಿ ಸುರಕ್ಷಾ ಯೋಜನೆಗೇ ಇಷ್ಟು ಮಡಿ ಇರಲಿಲ್ಲ. ಬಡತನ ರೇಖೆಯ ಕೆಳಗಿನ ಹೆಂಗಸು ಮನೆಯಲ್ಲಿ ಹೆತ್ತರೂ 500 ರೂಪಾಯಿ ಕೊಡಬೇಕೆಂದು ಅದರಲ್ಲೇ ಬರೆದಿದೆ. ನಮ್ಮ ರಾಜ್ಯದ ಹಳ್ಳಿಯವಳು ಆಸ್ಪತ್ರೆಯಲ್ಲಿ ಹೆತ್ತರೆ 700. ಎಂದರೆ ಮನೆಯಲ್ಲಿ ಹೆರುವವರು ಇರುತ್ತಾರೆಂದು ಕಾಗದ ಒಪ್ಪಿತ್ತು. ಅವರಿಗೆ ದುಡ್ಡು ಕೊಡಲು ಒಪ್ಪಿತ್ತು. ಕೈಯೊಂದನ್ನು ಕೊಡಲು ಮಾತ್ರ ಅದಕ್ಕೆ ತೋಚಲಿಲ್ಲ.

ನೂರರಲ್ಲಿ ಮೂವರಿಗೋಸ್ಕರ ಸೂಲಗಿತ್ತಿಯರನ್ನು ತಯಾರಿಸುವ ಖರ್ಚೇ ಎನ್ನುವವರಿಗೆ: ನೂರಕ್ಕೆ ಮೂರು ಎಂದರೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಹೆಂಗಸರು, ಅದೂ ಇದ್ದವರಲ್ಲೇ ಅತಿ ಬಡವರು, ಅತಿ ದೂರದವರು. ಅವರಿಗಾಗಿ ತಯಾರಾದ ಸೂಲಗಿತ್ತಿ ಉಳಿದ 97 ಮಂದಿಗೂ ದಕ್ಕುತ್ತಾಳೆ. ತಾಲ್ಲೂಕು ಆಸ್ಪತ್ರೆಯ ಸಹಜ ಹೆರಿಗೆಗಳನ್ನು ಅವಳು ನೋಡಿಕೊಂಡರೆ ತಜ್ಞರ ಕೈ ಕ್ಲಿಷ್ಟ ಹೆರಿಗೆಗೆ ಬಿಡುವಾಗುತ್ತದೆ. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದ ಇಂಥವರನ್ನು ತಯಾರಿಸಿ ತೋರಿಸಿತು, ತೆಲಂಗಾಣ ಸರ್ಕಾರ ಆ ದಾರಿ ಹಿಡಿಯಿತು, ಕೇಂದ್ರ ಸರ್ಕಾರವೂ 2018ರ ಡಿಸೆಂಬರಿನಲ್ಲಿ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದಿತು. ನರ್ಸಿಂಗ್ ಮುಗಿಸಿದವರಿಗೆ ಹದಿನೆಂಟು ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು ಹೆರಿಗೆಯ ಹೊಣೆಯನ್ನು ಅವರ ಕೈಗೇ ಒಪ್ಪಿಸುವ ಆಲೋಚನೆ ಅದರದು; ಇಷ್ಟು ವರ್ಷಗಳಲ್ಲಿ ಈ ಬಗ್ಗೆ ದಿಲ್ಲಿಯಿಂದ ಬಂದ ಅತ್ಯಂತ ವಿವೇಕದ ಕಾಗದ. ಆದರೆ ಅದೂ ಅವರನ್ನು ನಿಯೋಜಿಸುವುದು ಹೆರಿಗೆ ಹೆಚ್ಚಿರುವ ಆಸ್ಪತ್ರೆಗಳ ಆವರಣದೊಳಗಿನ ಘಟಕಗಳಿಗೆ. ಅದರಲ್ಲಿ ಒಂದು ಪಾಲನ್ನಾದರೂ ಹನೂರು, ಹೆಗ್ಗಡದೇವನಕೋಟೆ, ಜೋಯಿಡಾದಂಥ ತಾಲ್ಲೂಕುಗಳ ಉಪಕೇಂದ್ರಗಳಿಗೆ ಕಳಿಸಿ, ಊರ ಹಳೆಯ ಸೂಲಗಿತ್ತಿಯನ್ನು ಕೂಲಿ ಕೊಟ್ಟು ಜೊತೆಗಿಟ್ಟು, ಚೀಲದಲ್ಲಿ ಮೂರು ಮಿಸೊಪ್ರೊಸ್ಟಾಲ್ ಗುಳಿಗೆ, ಕೂಸಿನ ಉಸಿರಿಗೆ ಒಂದು ಅಂಬು ಬ್ಯಾಗು, ಬಿಪಿ ನೋಡುವ ಯಂತ್ರ, ಶುದ್ಧ ಬ್ಲೇಡು ಇಟ್ಟು, ಅವಳು ಕರೆದರೆ ಪ್ರಶ್ನೆ ಕೇಳದೆ ಹೊರಡುವ ಒಂದು ಜೀಪನ್ನು ಮಳೆಗಾಲಕ್ಕೆ ಮೊದಲೇ ಗೊತ್ತು ಮಾಡಬೇಕು. ಪ್ರಗತಿ ಪರಿಶೀಲನೆಯ ಪಟ್ಟಿಯಲ್ಲಿ ಮನೆ ಹೆರಿಗೆಯ ಕಲಮಿನ ಪಕ್ಕದಲ್ಲೇ ಇನ್ನೊಂದು ಕಲಮು ಎಳೆದರೆ ಸಾಕು: ಬೇನೆಯ ಹೊತ್ತಿಗೆ ಅವಳ ಪಕ್ಕದಲ್ಲಿ ಯಾರಿದ್ದರು?